ತೂತು ಮುಚ್ಚಿತು, ಪಿಆರ್ ಮಾತ್ರ ಬೆಳೆಯುತ್ತಲೇ ಹೋಯಿತು: ಒಂದು ಕುಟುಂಬದ ಪ್ರಕರಣ ಅಧ್ಯಯನ

ನಾನು ಮಕ್ಕಳ ಹೃದ್ರೋಗ ವಿಭಾಗದಲ್ಲಿ ಜೆನೆಟಿಕ್ ಕೌನ್ಸೆಲರ್. ಮಗುವಿಗೆ ಹೃದಯದ ತೊಂದರೆ ಯಾಕೆ ಬಂತು, ಮುಂದಿನ ಮಗುವಿಗೂ ಬರುತ್ತದಾ, ಮನೆಯಲ್ಲಿ ಇನ್ಯಾರಿಗಾದರೂ ಇರಬಹುದಾ ಅಂತ ಮನೆಯವರ ಜೊತೆ ಕೂತು ಬಿಡಿಸಿ ನೋಡುವುದು ನನ್ನ ಕೆಲಸ. ಇಲ್ಲಿರುವುದು ಒಂದೇ ಕುಟುಂಬದ ಕಥೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ವಯಸ್ಸು ಮತ್ತು ಕೆಲವು ಸಣ್ಣ ವಿವರ ಬದಲಿಸಿದ್ದೇನೆ. ಕಾಯಿಲೆ ನಡೆದ ದಾರಿ, ನಾವು ತೆಗೆದುಕೊಂಡ ತೀರ್ಮಾನಗಳು, ಮಾಡಿದ ಎಡವಟ್ಟುಗಳು ಮಾತ್ರ ಇದ್ದ ಹಾಗೇ ಇವೆ.

ಒಂದು ಸಾಮಾನ್ಯ ತೂತು

ಹುಡುಗಿಗೆ ಆಗ ಆರು ವರ್ಷ. ಶಾಲೆಯ ತಪಾಸಣೆಯಲ್ಲಿ ಎದೆಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರಿಗೆ ಸುಯ್ಯೆನ್ನುವ ಶಬ್ದ ಕೇಳಿಸಿತು. ಓಡುತ್ತಾಳೆ, ಆಡುತ್ತಾಳೆ, ಯಾವ ತೊಂದರೆಯೂ ಇಲ್ಲ. ಎಕೋ ಮಾಡಿದಾಗ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ 14 ಮಿಲಿಮೀಟರ್ ಅಗಲದ ತೂತು ಕಂಡಿತು. ಇದನ್ನು ಎಎಸ್‌ಡಿ ಅನ್ನುತ್ತೇವೆ. ಎಡಗಡೆಯ ರಕ್ತ ಈ ತೂತಿನಿಂದ ಬಲಗಡೆಗೆ ನುಗ್ಗುತ್ತಿತ್ತು. ಆ ಹೆಚ್ಚುವರಿ ಹೊರೆಗೆ ಬಲಗಡೆಯ ಕೋಣೆಗಳು ಹಿಗ್ಗಿದ್ದವು.

ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದಲ್ಲಿ ಏನಾದರೊಂದು ಹುಟ್ಟು ದೋಷ ಇರುತ್ತದೆ. ಅದರಲ್ಲಿ ಎಎಸ್‌ಡಿ ನಾವು ದಿನಾ ನೋಡುವಂಥದ್ದು. ಎಲ್ಲ ಮಕ್ಕಳಿಗೂ ಹುಟ್ಟುವ ತನಕ ಈ ಗೋಡೆಯಲ್ಲಿ ಒಂದು ಕಿಂಡಿ ಇದ್ದೇ ಇರುತ್ತದೆ. ಹೊಟ್ಟೆಯೊಳಗಿನ ಮಗು ಉಸಿರಾಡುವುದಿಲ್ಲ. ಹಾಗಾಗಿ ತಾಯಿಯಿಂದ ಬಂದ ಒಳ್ಳೆಯ ರಕ್ತ ಈ ಕಿಂಡಿ ದಾಟಿ ನೇರ ಎಡಗಡೆಗೆ ಹೋಗಬೇಕು. ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಎಡಗಡೆಯ ಒತ್ತಡ ಏರುತ್ತದೆ. ಆಗ ಗೋಡೆಗೆ ಅಂಟಿದ ತೆಳ್ಳನೆ ಪದರ ಬಾಗಿಲಿನ ಹಾಗೆ ಬಂದು ಕಿಂಡಿಗೆ ಕೂತುಕೊಳ್ಳುತ್ತದೆ. ಆ ಪದರ ಗಿಡ್ಡವಾದರೆ, ಅಥವಾ ಕಿಂಡಿಯೇ ತೀರಾ ಅಗಲವಾದರೆ, ತೂತು ಉಳಿದುಬಿಡುತ್ತದೆ.

ಡಾಕ್ಟರುಗಳು ಮನೆಯವರಿಗೆ ಧೈರ್ಯ ಹೇಳಿದರು. ಎದೆ ಕೊಯ್ಯುವುದು ಬೇಡ, ತೊಡೆಯ ರಕ್ತನಾಳದಿಂದ ತೆಳ್ಳಗಿನ ಕೊಳವೆ ಹಾಯಿಸಿ ಕೊಡೆಯಂಥ ಒಂದು ಡಿವೈಸ್ ಇಟ್ಟು ಮುಚ್ಚಬಹುದು ಅಂದರು. ಹಾಗೇ ಮಾಡಿದರು. ಮೂರನೆಯ ದಿನ ಹುಡುಗಿ ಮನೆಗೆ ಹೋದಳು.

ಸೇರಿಸಿಕೊಳ್ಳುವಾಗ ತುಂಬುವ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: "ಕುಟುಂಬದಲ್ಲಿ ಯಾರಿಗಾದರೂ ಹುಟ್ಟಿನಿಂದ ಹೃದಯದ ಕಾಯಿಲೆ ಇದೆಯೇ?" ತಾಯಿ "ಇಲ್ಲ" ಅಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ತಂದೆ ಆಗ ಕೆಳಗೆ ಬಿಲ್ ಕಟ್ಟುವ ಸಾಲಿನಲ್ಲಿದ್ದರು.

ಇಸಿಜಿಯ ಒಂದು ಅಂಕಿ

ಹೃದಯದ ಬಡಿತ ಶುರುವಾಗುವುದು ಮೇಲಿನ ಬಲ ಕೋಣೆಯಲ್ಲಿ. ಅಲ್ಲಿಂದ ಹೊರಟ ವಿದ್ಯುತ್ ಸಂದೇಶ ನಡುವಿನ ಎವಿ ನೋಡ್ ಅನ್ನುವ ಪುಟ್ಟ ಗಂಟಿನಲ್ಲಿ ಒಂದು ಚೂರು ನಿಂತು, ಆಮೇಲೆ ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ದಾರಿಗೆ ಹಿಡಿಯುವ ಹೊತ್ತನ್ನು ಇಸಿಜಿಯಲ್ಲಿ ಪಿಆರ್ ಅಂತರ ಅಂತ ಅಳೆಯುತ್ತೇವೆ. ಆರು ವರ್ಷದ ಮಗುವಿಗೆ ಅದು ಸುಮಾರು 160 ಮಿಲಿಸೆಕೆಂಡಿನ ಒಳಗಿರಬೇಕು. ಇವಳಿಗೆ ತೂತು ಮುಚ್ಚುವ ಮೊದಲೇ 200 ಇತ್ತು.

ಇದನ್ನು ಯಾರೂ ಗಮನಿಸಿರಲಿಲ್ಲ ಅಂತಲ್ಲ. ಗಮನಿಸಿ ಕಾರಣವನ್ನೂ ಬರೆದಿದ್ದರು: "ಎಎಸ್‌ಡಿಯಿಂದ ಬಲ ಕೋಣೆ ಹಿಗ್ಗಿರುವುದರಿಂದ." ಆ ಕಾರಣ ಸುಳ್ಳೂ ಅಲ್ಲ. ಕೋಣೆ ಹಿಗ್ಗಿದರೆ ಸಂದೇಶ ಸಾಗುವ ದಾರಿಯೂ ಉದ್ದವಾಗುತ್ತದೆ, ಪಿಆರ್ ಸ್ವಲ್ಪ ಏರುವುದು ಇದೆ. ತೂತು ಮುಚ್ಚಿದ ಮೇಲೆ ಸರಿಹೋಗುತ್ತದೆ ಅಂತ ಎಲ್ಲರೂ ಅಂದುಕೊಂಡರು.

ಆರು ತಿಂಗಳ ನಂತರ ಎಕೋದಲ್ಲಿ ಬಲ ಕೋಣೆಗಳು ಚೆನ್ನಾಗಿ ಕುಗ್ಗಿದ್ದವು. ಪಿಆರ್ ಮಾತ್ರ 230ಕ್ಕೆ ಹೋಗಿತ್ತು.

ಈಗಲೂ ಒಂದು ಸಿದ್ಧ ವಿವರಣೆ ಕೈಯಲ್ಲೇ ಇತ್ತು. ಎಎಸ್‌ಡಿಗೆ ಇಡುವ ಡಿವೈಸ್‌ನ ಅಂಚು ಎವಿ ನೋಡ್ ಇರುವ ಜಾಗಕ್ಕೆ ಹತ್ತಿರ. ಕೆಲವೊಮ್ಮೆ ಅದು ಒತ್ತಿ ಸಂದೇಶ ತಡವಾಗುವುದುಂಟು. ಹಾಗಾಗಿ ಚರ್ಚೆಯೆಲ್ಲ ಡಿವೈಸ್ ಸುತ್ತಲೇ ನಡೆಯಿತು. ತೆಗೆಯಬೇಕಾ, ಕಾಯಬೇಕಾ, ಸ್ಟೀರಾಯ್ಡ್ ಕೊಡಬೇಕಾ? ಇನ್ನೊಂದು ವಾರ ಹೋಗಿದ್ದರೆ ಆಪರೇಷನ್ ಮಾಡಿ ಡಿವೈಸ್ ತೆಗೆಯುವ ತೀರ್ಮಾನ ಆಗಿಯೇ ಬಿಡುತ್ತಿತ್ತೇನೋ.

ಅದನ್ನು ತಡೆದದ್ದು ತಾಯಿಯ ಕೈಯಲ್ಲಿದ್ದ ಹಳೆಯ ಫೈಲು. ಹುಡುಗಿಗೆ ಮೂರು ವರ್ಷವಾಗಿದ್ದಾಗ ಜೋರು ಜ್ವರ ಬಂದು ಬೇರೆ ಕಡೆ ಸೇರಿಸಿದ್ದರು. ಅಲ್ಲಿ ಯಾಕೋ ಒಂದು ಇಸಿಜಿ ತೆಗೆದಿದ್ದರು. ನಮ್ಮ ಕಿರಿಯ ಡಾಕ್ಟರೊಬ್ಬರು ಫೈಲು ತಿರುವುತ್ತಾ ಆ ಮಾಸಿದ ಕಾಗದ ಹೊರಗೆಳೆದರು. ಸ್ಕೇಲ್ ಇಟ್ಟು ಅಳೆದರೆ 180. ಮೂರು ವರ್ಷಕ್ಕೆ ಅದು ಜಾಸ್ತಿಯೇ. ಮೂರಕ್ಕೆ 180, ಆರಕ್ಕೆ 200, ಡಿವೈಸ್ ಇಟ್ಟ ಮೇಲೆ 230. ಡಿವೈಸ್ ಇರದ ಕಾಲದಿಂದಲೂ ಏರುತ್ತಿದ್ದದ್ದಕ್ಕೆ ಡಿವೈಸನ್ನು ಹೇಗೆ ದೂರುವುದು?

ಅಲ್ಲಿಗೆ ಕಡತ ನನ್ನ ಮೇಜಿಗೆ ಬಂತು.

ಕಾಗದದ ಮೇಲೆ ಮೂರು ತಲೆಮಾರು

ನಾನು ಮೊದಲು ಮಾಡುವ ಕೆಲಸ ವಂಶವೃಕ್ಷ ಬರೆಯುವುದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆ ಬಣ್ಣ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್, ಮುಕ್ಕಾಲು ಗಂಟೆ. ಈ ಸಲ ತಂದೆ, ತಾಯಿ, ಅಜ್ಜಿ ಮೂವರನ್ನೂ ಕೂರಿಸಿದೆ. ಹುಟ್ಟಿನಿಂದ ಬಂದ ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. "ಮನೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದದ್ದುಂಟಾ? ಎದೆಯಲ್ಲಿ ಮಷೀನ್ ಇಡಿಸಿಕೊಂಡವರು? ಚಿಕ್ಕ ವಯಸ್ಸಿಗೆ, ನಿದ್ದೆಯಲ್ಲೇ ಹೋದವರು?" ಅಂತ ಕೇಳಿದೆ.

ತಂದೆ ಸುಮ್ನೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ ತೋರಿಸಿದರು. ಎಡ ಭುಜದ ಕೆಳಗೆ ಪೇಸ್‌ಮೇಕರ್. 36ನೇ ವಯಸ್ಸಿಗೆ ಇಟ್ಟಿದ್ದರು. ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದರು, ಪರೀಕ್ಷೆಯಲ್ಲಿ ಪೂರ್ತಿ ಹಾರ್ಟ್ ಬ್ಲಾಕ್ ಸಿಕ್ಕಿತ್ತು, ಅಂದರೆ ಮೇಲಿನ ಕೋಣೆಯ ವಿದ್ಯುತ್ ಸಂದೇಶ ಕೆಳಗೆ ತಲುಪುತ್ತಲೇ ಇರಲಿಲ್ಲ. ಕಾರಣ ಗೊತ್ತಾಗಿರಲಿಲ್ಲ. ಅವರ ಹೃದಯದಲ್ಲಿ ತೂತಿಲ್ಲ, ಎಕೋ ನಾರ್ಮಲ್.

"ಇದನ್ನು ಆವತ್ತು ಯಾಕೆ ಹೇಳಲಿಲ್ಲ?" ಅಂತ ಕೇಳಿದ್ದಕ್ಕೆ ತಾಯಿ ಅಂದರು: "ಹುಟ್ಟಿನಿಂದ ಬಂದದ್ದಾ ಅಂತ ಕೇಳಿದರು ಮೇಡಂ. ಇವರಿಗೆ ಬಂದದ್ದು ಮೂರು ವರ್ಷದ ಹಿಂದೆ ಅಲ್ವಾ?"

ಅವರ ಉತ್ತರ ಸರಿಯಾಗಿಯೇ ಇತ್ತು. ನಮ್ಮ ಪ್ರಶ್ನೆಯೇ ಸರಿ ಇರಲಿಲ್ಲ.

ಆಮೇಲೆ ಅಜ್ಜಿ ಮಾತಾಡಿದರು. ಅವರ ಹಿರಿ ಮಗಳಿಗೆ, ಅಂದರೆ ಹುಡುಗಿಯ ಸೋದರತ್ತೆಗೆ, 11ನೇ ವಯಸ್ಸಿನಲ್ಲಿ ಎದೆ ತೆರೆದು ತೂತು ಹೊಲಿದಿದ್ದರು. "ಸಂಪೂರ್ಣ ಗುಣವಾಗಿದೆ, ಇನ್ನು ಬರುವುದು ಬೇಡ" ಅಂತ ಡಾಕ್ಟರು ಹೇಳಿದ ಮೇಲೆ ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಸೊಸೆಗೂ ಗೊತ್ತಿರಲಿಲ್ಲ. ಹುಡುಗಿಯ ಅಜ್ಜ 47ಕ್ಕೆ ನಿದ್ದೆಯಲ್ಲೇ ತೀರಿಕೊಂಡರು. ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದರು, ಪೋಸ್ಟ್‌ಮಾರ್ಟಂ ಆಗಿರಲಿಲ್ಲ. ಹಾಳೆಯಲ್ಲಿ ಅವರ ಚೌಕದೊಳಗೆ ಪ್ರಶ್ನೆ ಗುರುತು ಹಾಕಿದೆ. ಅದು ಇವತ್ತಿಗೂ ಹಾಗೇ ಇದೆ.

ಹಾಳೆ ತುಂಬಿದ ಮೇಲೆ ಕಣ್ಣಿಗೆ ಹೊಡೆದದ್ದು ಇದು. ಒಬ್ಬರಿಗೆ ತೂತು ಮಾತ್ರ. ಒಬ್ಬರಿಗೆ ಬ್ಲಾಕ್ ಮಾತ್ರ. ಹುಡುಗಿಗೆ ಎರಡೂ. ಹೃದ್ರೋಗದ ಲೆಕ್ಕದಲ್ಲಿ ಇವು ಬೇರೆ ಬೇರೆ ಕಾಯಿಲೆ, ನೋಡುವ ಡಾಕ್ಟರುಗಳೂ ಬೇರೆ. ಒಂದೇ ಮನೆಯ ಮೂರು ಫೈಲುಗಳು ಮೂರು ಕಡೆ ಕೂತಿದ್ದವು. ಒಂದೇ ಹಾಳೆಯಲ್ಲಿ ಬರೆದಾಗ ತಲೆಮಾರು ಬಿಡದೆ ಇಳಿದು ಬಂದ ಒಂದೇ ಸಾಲಿನ ಹಾಗೆ ಕಂಡಿತು.

ಒಂದು ಜೀನ್, ಎರಡು ಕೆಲಸ

ತೂತು ಮತ್ತು ಬ್ಲಾಕ್ ಒಂದೇ ಮನೆಯಲ್ಲಿ ಹೀಗೆ ಓಡಾಡಿದರೆ ನಮ್ಮ ಕ್ಷೇತ್ರದವರಿಗೆ ಮೊದಲು ನೆನಪಾಗುವ ಹೆಸರು ಎನ್‌ಕೆಎಕ್ಸ್2-5. ಇದು 5ನೇ ಕ್ರೋಮೋಸೋಮಿನ ಮೇಲಿರುವ ಜೀನ್. ಇದರ ಕಥೆ ಶುರುವಾಗುವುದು ಹಣ್ಣಿನ ನೊಣದಿಂದ. ನೊಣದಲ್ಲಿ ಇದರ ಜೋಡಿ ಜೀನ್ ಕೆಟ್ಟರೆ ಮರಿಗೆ ಹೃದಯವೇ ಮೂಡುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಅದಕ್ಕೆ ಟಿನ್‌ಮ್ಯಾನ್ ಅಂತ ಹೆಸರಿಟ್ಟರು. ಮಕ್ಕಳ ಕಥೆಯಲ್ಲಿ ಬರುವ, ಹೃದಯವಿಲ್ಲದ ತಗಡಿನ ಮನುಷ್ಯನ ಹೆಸರು. ಇಲಿಯಲ್ಲಿ ಎರಡೂ ಪ್ರತಿ ತೆಗೆದರೆ ಹೃದಯ ಕೊಳವೆಯ ಹಂತದವರೆಗೆ ಬಂದು, ಮಡಚಿಕೊಳ್ಳಲಾರದೆ ಅಲ್ಲೇ ನಿಲ್ಲುತ್ತದೆ, ಮರಿ ಹೊಟ್ಟೆಯಲ್ಲೇ ಸಾಯುತ್ತದೆ. ಮನುಷ್ಯರಲ್ಲಿ ಇದರ ಒಂದು ಪ್ರತಿ ಕೆಟ್ಟರೆ ಮೇಲಿನ ಗೋಡೆಯ ತೂತು ಮತ್ತು ಎವಿ ಬ್ಲಾಕ್ ಬರುತ್ತದೆ ಅಂತ ಕೆಲವು ಕುಟುಂಬಗಳ ಅಧ್ಯಯನದಿಂದ ಗೊತ್ತಾದದ್ದು 1998ರಲ್ಲಿ.

ಭ್ರೂಣದ ಮೂರನೆಯ ವಾರದಲ್ಲಿ ಹೃದಯವಾಗಬೇಕಾದ ಜೀವಕೋಶಗಳು ಅರ್ಧಚಂದ್ರದ ಆಕಾರದಲ್ಲಿ ಸೇರುತ್ತವೆ. ಅವು ಕೂಡಿ ಒಂದು ಕೊಳವೆಯಾಗುತ್ತದೆ. 22ನೇ ದಿನದ ಆಸುಪಾಸಿಗೆ ಆ ಕೊಳವೆ ಮಿಡಿಯತೊಡಗುತ್ತದೆ. ಆಮೇಲೆ ಬಲಕ್ಕೆ ಬಾಗಿ ಮಡಚಿಕೊಂಡು, ಒಳಗೆ ಗೋಡೆಗಳು ಎದ್ದು, ಎಂಟನೆಯ ವಾರದ ಹೊತ್ತಿಗೆ ನಾಲ್ಕು ಕೋಣೆ ತಯಾರು. ತಾನು ಗರ್ಭಿಣಿ ಅಂತ ಎಷ್ಟೋ ತಾಯಂದಿರಿಗೆ ಗೊತ್ತಾಗುವ ಹೊತ್ತಿಗೆ ಈ ಕೆಲಸ ಅರ್ಧ ಆಗಿಹೋಗಿರುತ್ತದೆ.

ಯಾವ ಕೋಶ ಯಾವಾಗ ಏನಾಗಬೇಕು ಅಂತ ನೋಡಿಕೊಳ್ಳುವವರು ಬೇಕಲ್ಲ. ಎನ್‌ಕೆಎಕ್ಸ್2-5 ಅಂಥ ಮೇಸ್ತ್ರಿ. ಅದು ಮಾಡಿಸುವ ಪ್ರೋಟೀನ್ ಡಿಎನ್‌ಎ ಮೇಲೆ ಕೂತು ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಇದು ಒಂಟಿಯಾಗಿಯೂ ದುಡಿಯುವುದಿಲ್ಲ. ಗಾಟಾ4, ಟಿಬಿಎಕ್ಸ್5 ಅನ್ನುವ ಇನ್ನಿಬ್ಬರು ಮೇಸ್ತ್ರಿಗಳ ಪ್ರೋಟೀನ್‌ಗೆ ನೇರವಾಗಿ ಅಂಟಿಕೊಂಡು ಕೆಲಸ ಮಾಡುತ್ತದೆ. ಈ ಮೂವರಲ್ಲಿ ಯಾರು ಕೈಕೊಟ್ಟರೂ ಹೆಚ್ಚಾಗಿ ಕಾಣುವುದು ಗೋಡೆಯ ತೂತೇ.

ಪ್ರತಿ ಜೀನ್‌ಗೂ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಎಷ್ಟೋ ಜೀನ್‌ಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಸುಧಾರಿಸಿಕೊಂಡು ಹೋಗುತ್ತದೆ. ಈ ಮೇಸ್ತ್ರಿ ಜೀನ್‌ಗಳಲ್ಲಿ ಹಾಗಾಗುವುದಿಲ್ಲ, ಪ್ರೋಟೀನಿನ ಪ್ರಮಾಣವೇ ಮುಖ್ಯ. ಇಬ್ಬರು ಎತ್ತಬೇಕಾದ ದಿಮ್ಮಿಯನ್ನು ಒಬ್ಬನೇ ಎತ್ತಿದ ಹಾಗೆ: ಒಂದು ಮಗುವಿನಲ್ಲಿ ಹೇಗೋ ಎತ್ತಿಬಿಡುತ್ತಾನೆ, ಇನ್ನೊಂದರಲ್ಲಿ ಅರ್ಧಕ್ಕೆ ಬಿಡುತ್ತಾನೆ. ಒಂದೇ ಬದಲಾವಣೆ ಇರುವ ಅಣ್ಣತಂಗಿಯರಲ್ಲಿ ಒಬ್ಬರಿಗೆ ತೂತಿದ್ದು ಇನ್ನೊಬ್ಬರಿಗೆ ಇಲ್ಲದಿರುವುದು ಹೀಗೆ.

ಈ ಪ್ರಕರಣದ ತಿರುಳು ಇದರ ಎರಡನೆಯ ಕೆಲಸದಲ್ಲಿದೆ. ಗೋಡೆ ಕಟ್ಟಿ ಮುಗಿದ ಮೇಲೆ ಎನ್‌ಕೆಎಕ್ಸ್2-5 ಮನೆಗೆ ಹೋಗುವುದಿಲ್ಲ. ವಿದ್ಯುತ್ ಹಾದಿಯ ಕೋಶಗಳನ್ನು ಬೆಳೆಸುವುದರಲ್ಲೂ ಉಳಿಸಿಕೊಳ್ಳುವುದರಲ್ಲೂ ಅದರ ಕೈ ಇದೆ. ಒಂದು ಪ್ರತಿ ಮಾತ್ರ ಇರುವ ಇಲಿಗಳಲ್ಲಿ ಆ ಹಾದಿಯ ಕೋಶಗಳೇ ಕಮ್ಮಿ. ಮನುಷ್ಯರಲ್ಲಿ ಬ್ಲಾಕ್ ವಯಸ್ಸಿನ ಜೊತೆ ನಿಧಾನಕ್ಕೆ ಹೆಚ್ಚುತ್ತದೆ. ಡಿವೈಸ್ ಆಗಲಿ ಹೊಲಿಗೆಯಾಗಲಿ ತೂತನ್ನು ಮುಚ್ಚುತ್ತದೆ. ಈ ಸವೆತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸೋದರತ್ತೆಗೆ "ಇನ್ನು ಬರುವುದು ಬೇಡ" ಅಂದದ್ದು ನೆನಪಾಗಿ ಹಾಳೆಯ ಮೇಲೆ ಅವರ ವೃತ್ತಕ್ಕೆ ಎರಡು ಸಲ ಗೆರೆ ಸುತ್ತಿದೆ.

ಟಿಬಿಎಕ್ಸ್5 ಕೆಟ್ಟರೂ ತೂತು ಮತ್ತು ಬ್ಲಾಕ್ ಎರಡೂ ಬರಬಹುದು. ಆದರೆ ಅಲ್ಲಿ ಹೆಬ್ಬೆರಳು ಅಥವಾ ಮುಂಗೈ ಮೂಳೆಯಲ್ಲೂ ದೋಷ ಇರುತ್ತದೆ, ಕೆಲವೊಮ್ಮೆ ಎಕ್ಸ್‌ರೇಗೆ ಮಾತ್ರ ಕಾಣುವಷ್ಟು ಚಿಕ್ಕದು. ಹುಡುಗಿಯ ಮತ್ತು ತಂದೆಯ ಕೈಗಳ ಎಕ್ಸ್‌ರೇ ತೆಗೆಸಿದೆವು. ಎರಡೂ ಸರಿ ಇದ್ದವು. ಅನುಮಾನ ಇನ್ನಷ್ಟು ಒಂದೇ ಕಡೆಗೆ ವಾಲಿತು.

ಮೊದಲ ರಿಪೋರ್ಟು, ತಪ್ಪು ದಾರಿ

ಹುಡುಗಿಯ ರಕ್ತದಿಂದ ಹೃದಯದ ಜೀನ್‌ಗಳ ಪ್ಯಾನೆಲ್ ಮಾಡಿಸಿದೆವು, ಅಂದರೆ ಹತ್ತಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ. ಕೆಲವು ವಾರದ ನಂತರ ಉತ್ತರ ಬಂತು. ಎನ್‌ಕೆಎಕ್ಸ್2-5ರಲ್ಲಿ ಏನೂ ಸಿಕ್ಕಿಲ್ಲ. ಗಾಟಾ4ರಲ್ಲಿ ಒಂದು ಅಕ್ಷರ ಬದಲಾಗಿದೆ, ಅದು "ಮಹತ್ವ ಅನಿಶ್ಚಿತ".

ಈ ಎರಡು ಪದ ಎಷ್ಟು ಮನೆಗಳ ನಿದ್ದೆ ಕೆಡಿಸಿವೆಯೋ. ಜೀನ್ ಬದಲಾವಣೆಗಳನ್ನು ಐದು ಮೆಟ್ಟಿಲಲ್ಲಿ ಇಡುವ ಕ್ರಮವಿದೆ. ಒಂದು ತುದಿಯಲ್ಲಿ ರೋಗ ತರುವಂಥದ್ದು, ಇನ್ನೊಂದು ತುದಿಯಲ್ಲಿ ನಿರಪಾಯ. ನಟ್ಟ ನಡುವಿನದು ಅನಿಶ್ಚಿತ. ಅದರ ಅರ್ಥ "ಈಗಿನ ತಿಳಿವಳಿಕೆಯಲ್ಲಿ ಹೇಳಲಾಗದು" ಅಂತ ಮಾತ್ರ. ಆದರೆ ಗಾಟಾ4 ಅನ್ನುವ ಹೆಸರು ನೋಡಿದ ಕೂಡಲೇ ನಮ್ಮ ತಂಡದಲ್ಲಿ ಉತ್ಸಾಹ ಬಂತು. ಅದು ಎಎಸ್‌ಡಿಗೆ ಗೊತ್ತಿರುವ ಕಾರಣವೇ. 2003ರಲ್ಲೇ ಅದು ಸಾಬೀತಾಗಿದೆ.

ಇಲ್ಲಿ ನಾನೇ ಎಡವಿದೆ. ಬದಲಾವಣೆ ಯಾರಿಂದ ಬಂತು ಅಂತ ನೋಡಲು ತಂದೆತಾಯಿ ಇಬ್ಬರ ರಕ್ತವನ್ನೂ ತೆಗೆಸಿದೆ. ಅದು ಸರಿಯಾದ ಹೆಜ್ಜೆಯೇ. ಆದರೆ ಉತ್ತರ ಯಾವ ಯಾವ ಥರ ಬರಬಹುದು, ಯಾವುದಕ್ಕೆ ಏನರ್ಥ ಅಂತ ಮೊದಲೇ ಕೂತು ಹೇಳಲಿಲ್ಲ. ಆ ದಿನ ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದರು. ಅದು ನೆಪ ಅಂತ ನನಗೂ ಗೊತ್ತು. ಲ್ಯಾಬಿನಿಂದ ಫಲಿತಾಂಶ ನೇರ ಅವರ ಫೋನಿಗೆ ಹೋಯಿತು: ಗಾಟಾ4 ಬದಲಾವಣೆ ತಾಯಿಯಲ್ಲಿದೆ, ತಂದೆಯಲ್ಲಿಲ್ಲ.

ಈ ತಾಯಿ ಮೊದಲ ದಿನದಿಂದಲೂ ತನ್ನನ್ನೇ ದೂರಿಕೊಂಡು ಬಂದವರು. ಬಸುರಿಯಲ್ಲಿ ಜ್ವರ ಬಂದಿತ್ತು, ಮಾತ್ರೆ ನುಂಗಿದ್ದೆ, ಅದಕ್ಕೇ ಹೀಗಾಯಿತಾ ಅಂತ ಪ್ರತಿ ಸಲ ಕೇಳುತ್ತಿದ್ದರು. ಈಗ ಅವರ ಕೈಯಲ್ಲಿ ತನ್ನ ಹೆಸರಿರುವ ರಿಪೋರ್ಟೇ ಇತ್ತು. ನಾಲ್ಕು ದಿನ ಯಾರ ಜೊತೆಯೂ ಮಾತಾಡಲಿಲ್ಲವಂತೆ. ಐದನೆಯ ದಿನ ನನ್ನೆದುರು ಕೂತು, "ನನ್ನಿಂದಲೇ ಬಂದದ್ದು ಅಂತ ಗೊತ್ತಾಯಿತಲ್ಲ ಮೇಡಂ" ಅಂದರು.

ವಂಶವೃಕ್ಷದ ಹಾಳೆ ತೆಗೆದು ಅವರ ಮುಂದೆ ಇಟ್ಟೆ. ಬಣ್ಣ ಹಾಕಿದ ಗುರುತುಗಳೆಲ್ಲ ತಂದೆಯ ಕಡೆ. ತಾಯಿಯ ಕಡೆ ಒಂದೂ ಇಲ್ಲ, ತಾಯಿಯ ಹೃದಯವೂ ಸರಿಯಾಗಿದೆ. ತಂದೆಯಲ್ಲಿ ಇರದ ಬದಲಾವಣೆ ತಂದೆಯ ಮನೆಯ ಕಾಯಿಲೆಗೆ ಕಾರಣ ಆಗುವುದು ಹೇಗೆ? ಜೊತೆಗೆ, ಗಾಟಾ4 ಕೆಟ್ಟ ಕುಟುಂಬಗಳಲ್ಲಿ ಕಾಣುವುದು ಗೋಡೆಯ ತೂತು. ವಿದ್ಯುತ್ ಹಾದಿ ವರ್ಷದಿಂದ ವರ್ಷಕ್ಕೆ ಸೋಲುವುದು ಅದರ ಗುರುತಲ್ಲ. ಇದನ್ನು ರಕ್ತ ತೆಗೆಯುವ ಮೊದಲೇ ಹೇಳಬಹುದಿತ್ತು.

ಹಾಗಾದರೆ ನಿಜವಾದ ಕಾರಣ ಎಲ್ಲಿ? ಪ್ಯಾನೆಲ್ ರಿಪೋರ್ಟನ್ನು ಮತ್ತೆ ಮೊದಲಿಂದ ಓದಿದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಫಲಿತಾಂಶ. ಕೊನೆಯ ಪುಟದ ತಳದಲ್ಲಿ, ಸಣ್ಣಕ್ಷರದಲ್ಲಿ, ಸರಿಯಾಗಿ ಓದಲಾಗದ ಭಾಗಗಳ ಪಟ್ಟಿ. ಅದರಲ್ಲಿ ಎನ್‌ಕೆಎಕ್ಸ್2-5ರ ಒಂದು ತುಣುಕು ಇತ್ತು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ ಮತ್ತು ಸಿ ತೀರಾ ಒತ್ತೊತ್ತಾಗಿರುವ ಕಡೆ ಈ ಮಷೀನುಗಳು ಎಡವುತ್ತವೆ. ಈ ಜೀನ್‌ನಲ್ಲಿ ಅಂಥ ಜಾಗಗಳಿವೆ. "ಏನೂ ಸಿಕ್ಕಿಲ್ಲ" ಅಂತ ಬರೆದದ್ದರಲ್ಲಿ "ಆ ತುಣುಕನ್ನು ನೋಡಲಾಗಿಲ್ಲ" ಅನ್ನುವುದೂ ಸೇರಿತ್ತು.

ಆ ತುಣುಕನ್ನು ಮಾತ್ರ ಹಳೆಯ ಸ್ಯಾಂಗರ್ ವಿಧಾನದಲ್ಲಿ ಓದಿಸಿ ಅಂತ ಲ್ಯಾಬಿಗೆ ಬರೆದೆವು. ಸಿಕ್ಕಿತು. ಒಂದು ಅಕ್ಷರ ಬದಲಾಗಿ, ವಾಕ್ಯದ ನಡುವೆ ಪೂರ್ಣವಿರಾಮ ಬಿದ್ದ ಹಾಗೆ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತಿತ್ತು. 324 ಅಮೈನೋ ಆಮ್ಲಗಳ ಈ ಪ್ರೋಟೀನಿನಲ್ಲಿ ಡಿಎನ್‌ಎಯನ್ನು ಹಿಡಿಯುವ ಕೈಯಂಥ ಭಾಗ 60 ಆಮ್ಲ ಉದ್ದ. ಆ ಕೈ ಪೂರ್ತಿ ಮೂಡುವ ಮೊದಲೇ ಪ್ರೋಟೀನ್ ತುಂಡಾಗುತ್ತಿತ್ತು. ತಂದೆಯಲ್ಲೂ ಅದೇ ಬದಲಾವಣೆ ಇತ್ತು.

ಉತ್ತರ ಸಿಕ್ಕಿದ ಮೇಲೆ

ತಾಯಿಗೆ ನಿರಾಳವಾಯಿತು ಅಂದುಕೊಂಡಿದ್ದೆ. ಸ್ವಲ್ಪ ಮಟ್ಟಿಗೆ ಆಯಿತು ಕೂಡ. ಆದರೆ ಅಪರಾಧದ ಭಾವ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೇ. ಈಗ ತಂದೆ ಬಾಯಿ ಮುಚ್ಚಿ ಕೂತರು. ನಾಣ್ಯ ಚಿಮ್ಮಿದ ಹಾಗೆ, ಎರಡು ಪ್ರತಿಯಲ್ಲಿ ಯಾವುದು ಮಗುವಿಗೆ ಹೋಗುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ ಅಂತ ಹೇಳಿದೆ. ತಲೆ ಆಡಿಸಿದರು. ಸಮಾಧಾನ ಆದ ಹಾಗೆ ಕಾಣಲಿಲ್ಲ.

ಮೊದಲ ಫೋನು ಸೋದರತ್ತೆಗೆ. ಅವರಿಗೆ 44. "ನಾನು ಚೆನ್ನಾಗಿದ್ದೀನಿ, ವರ್ಷಗಟ್ಟಲೆ ಡಾಕ್ಟರ ಮುಖ ನೋಡಿಲ್ಲ" ಅಂದರು. ತಲೆಸುತ್ತು ಬರುತ್ತದಾ ಅಂತ ಕೇಳಿದ್ದಕ್ಕೆ, "ಅದು ಆಗಾಗ ಇದ್ದದ್ದೇ, ಸುಸ್ತಿಗೆ" ಅಂದರು. ಬಂದರು. ರಕ್ತದಲ್ಲಿ ಅದೇ ಬದಲಾವಣೆ. 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಮಷೀನ್ ಹಾಕಿ ಕಳಿಸಿದೆವು. ಮರುದಿನ ಅದನ್ನು ಬಿಡಿಸಿ ನೋಡಿದ ಟೆಕ್ನೀಷಿಯನ್ ಓಡಿ ಬಂದರು. ಹಗಲು ಹೊತ್ತಿನಲ್ಲಿ, ಎಚ್ಚರವಿರುವಾಗಲೇ, ಮೇಲಿನ ಸಂದೇಶ ಕೆಳಗೆ ತಲುಪದೆ ನಾಲ್ಕು ಸೆಕೆಂಡಿಗೂ ಜಾಸ್ತಿ ಹೃದಯ ಸುಮ್ಮನಿತ್ತು. ಒಂದೇ ಸಲವಲ್ಲ. ಅದೇ ವಾರ ಪೇಸ್‌ಮೇಕರ್ ಇಟ್ಟರು.

ನಾವು ಹೊರಟದ್ದು ಆರು ವರ್ಷದ ಹುಡುಗಿಯ ಪಿಆರ್ ಹಿಡಿದು. ಈ ಪರೀಕ್ಷೆಯಿಂದ ಮೊದಲು ಉಪಯೋಗ ಆದದ್ದು 33 ವರ್ಷದ ಹಿಂದೆ "ಗುಣವಾಗಿ" ಹೋದವರಿಗೆ.

ಹುಡುಗಿಯ ತಮ್ಮನ ವಿಷಯದಲ್ಲಿ ಜಾಸ್ತಿ ಚರ್ಚೆ ಆಯಿತು. ಅವನಿಗೆ ಮೂರು ವರ್ಷ, ಏನೂ ತೊಂದರೆ ಇಲ್ಲ. ದೊಡ್ಡವರಾದ ಮೇಲೆ ಬರುವ, ಈಗ ಏನೂ ಮಾಡಲಾಗದ ಕಾಯಿಲೆಗೆ ಪುಟ್ಟ ಮಕ್ಕಳ ಜೀನ್ ಪರೀಕ್ಷೆ ಮಾಡುವುದಿಲ್ಲ. ಅದು ಆ ಮಗು ಬೆಳೆದು ತಾನೇ ತೀರ್ಮಾನಿಸಬೇಕಾದ್ದು. ಆದರೆ ಇಲ್ಲಿ ಮಾಡುವುದಕ್ಕೆ ಕೆಲಸವಿತ್ತು. ಬದಲಾವಣೆ ಇದ್ದರೆ ಬಾಲ್ಯದಿಂದಲೇ ವರ್ಷವರ್ಷ ಇಸಿಜಿ, ಹೋಲ್ಟರ್ ಬೇಕು. ಇಲ್ಲದಿದ್ದರೆ ಅವನನ್ನು ಆಸ್ಪತ್ರೆಗೆ ಎಳೆದು ತರುವುದೇ ಬೇಡ. ಇದನ್ನು ಎರಡು ಭೇಟಿಗಳಲ್ಲಿ ಮಾತಾಡಿ, ಈ ಸಲ ಫಲಿತಾಂಶ ನನ್ನ ಎದುರೇ ತೆರೆಯಬೇಕು ಅಂತ ಲ್ಯಾಬಿಗೆ ಹೇಳಿ, ಪರೀಕ್ಷೆ ಮಾಡಿಸಿದೆವು. ಅವನಲ್ಲಿ ಇರಲಿಲ್ಲ.

ಮೂರನೆಯ ಮಗುವಿನ ಬಗ್ಗೆಯೂ ಕೇಳಿದರು. ಪ್ರತಿ ಮಗುವಿಗೂ ಬದಲಾವಣೆ ಹೋಗುವ ಸಾಧ್ಯತೆ 50 ಶೇಕಡ. ಹೋದರೂ ತೂತು ಬರುತ್ತದಾ, ಬ್ಲಾಕ್ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಹೊಟ್ಟೆಯಲ್ಲಿರುವಾಗಲೇ ಸ್ಕ್ಯಾನ್‌ನಲ್ಲಿ ತೂತು ಕಾಣುವುದಿಲ್ಲವಾ ಅಂತ ತಂದೆ ಕೇಳಿದರು. ಒಳ್ಳೆಯ ಪ್ರಶ್ನೆ. 18ರಿಂದ 22 ವಾರದಲ್ಲಿ ಮಾಡುವ ಭ್ರೂಣದ ಎಕೋದಲ್ಲಿ ದೊಡ್ಡ ದೋಷಗಳು ಕಾಣುತ್ತವೆ. ಈ ಜೀನ್ ಕೆಟ್ಟಾಗ ಅಪರೂಪಕ್ಕೆ ಕೆಳಗಿನ ಗೋಡೆಯ ತೂತೋ ಇನ್ನೂ ಜಟಿಲ ದೋಷವೋ ಬರುವುದುಂಟು, ಅದಕ್ಕಾಗಿ ಆ ಸ್ಕ್ಯಾನ್ ಬೇಕು. ಆದರೆ ಈ ಮನೆಯಲ್ಲಿ ಬರುವಂಥ ತೂತು ಅದರಲ್ಲಿ ತಿಳಿಯುವುದು ಕಷ್ಟ. ಆ ಹೊತ್ತಿಗೆ ಎಲ್ಲ ಮಕ್ಕಳ ಗೋಡೆಯಲ್ಲೂ ಕಿಂಡಿ ತೆರೆದೇ ಇರುತ್ತದಲ್ಲ. ಐವಿಎಫ್ ಮೂಲಕ ಭ್ರೂಣವನ್ನು ಮೊದಲೇ ಪರೀಕ್ಷಿಸುವ ದಾರಿಯನ್ನೂ ಹೇಳಿದೆ. ಏನು ಮಾಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಆಮೇಲೆ ನಾನು ಆ ಮಾತು ಎತ್ತಿಲ್ಲ.

ತಂದೆಯ ಪೇಸ್‌ಮೇಕರ್ ನೋಡಿಕೊಳ್ಳುವ ಡಾಕ್ಟರಿಗೂ ಪತ್ರ ಹೋಯಿತು. ಎನ್‌ಕೆಎಕ್ಸ್2-5 ಬದಲಾವಣೆ ಇರುವ ಕೆಲವು ಕುಟುಂಬಗಳಲ್ಲಿ ಪೇಸ್‌ಮೇಕರ್ ಇದ್ದರೂ ಹಠಾತ್ ಸಾವು ಆದದ್ದಿದೆ. ಅದಕ್ಕಾಗಿ ಅವರು ಈಗ ಕೆಳ ಕೋಣೆಯಿಂದ ಏಳುವ ಅಪಾಯದ ಬಡಿತಗಳನ್ನೂ ಮಷೀನಿನ ದಾಖಲೆಯಲ್ಲಿ ಹುಡುಕುತ್ತಾರೆ.

ಆಮೇಲೆ ನಾವು ಬದಲಿಸಿದ್ದು

ಫಾರಂನ ಆ ಒಂದು ಪ್ರಶ್ನೆ ಹೋಗಿ ಈಗ ನಾಲ್ಕು ಪ್ರಶ್ನೆ ಇವೆ: ತೂತು ಅಥವಾ ಹೃದಯದ ಆಪರೇಷನ್, ಪೇಸ್‌ಮೇಕರ್, ಕಾರಣವಿಲ್ಲದೆ ಎಚ್ಚರ ತಪ್ಪಿದ್ದು, 50ರ ಒಳಗೆ ಹಠಾತ್ ಸಾವು. ತಂದೆತಾಯಿ ಇಬ್ಬರನ್ನೂ ಕೇಳಬೇಕು, ಒಬ್ಬರು ಇಲ್ಲದಿದ್ದರೆ ಫೋನಿನಲ್ಲಾದರೂ. "ಏನೂ ಸಿಕ್ಕಿಲ್ಲ" ಅನ್ನುವ ರಿಪೋರ್ಟ್ ಬಂದರೆ ಕೊನೆಯ ಪುಟ ಓದಿದೆ ಅಂತ ಒಬ್ಬರು ಸಹಿ ಹಾಕಬೇಕು. ಈ ಸಹಿಯ ನಿಯಮಕ್ಕೆ ತಂಡದಲ್ಲಿ ಗೊಣಗಾಟ ಇದೆ, ಇರಲಿ.

ಎಎಸ್‌ಡಿ ಇರುವ ಮಕ್ಕಳಿಗೆಲ್ಲ ಜೀನ್ ಪರೀಕ್ಷೆ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಇನ್ಯಾರಿಗೂ ಇಲ್ಲದೆ, ಇಸಿಜಿಯೂ ಸರಿಯಾಗಿದ್ದು, ಒಂಟಿ ತೂತು ಮಾತ್ರ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ಜೀನ್‌ನಲ್ಲಿ ಏನೂ ಸಿಗುವುದಿಲ್ಲ. ಹುಟ್ಟು ಹೃದಯ ದೋಷಗಳಲ್ಲಿ ಬಹುಪಾಲಿಗೆ ಇದೊಂದೇ ಕಾರಣ ಅಂತ ಬೆರಳು ತೋರಿಸಲು ಬರುವುದಿಲ್ಲ. ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು, ತಾಯಿಯ ಸಕ್ಕರೆ ಕಾಯಿಲೆ, ರುಬೆಲ್ಲಾ ಸೋಂಕು, ಕೆಲವು ಔಷಧಿ, ಹೀಗೆ ಹಲವು ಎಳೆ ಕೂಡಿರುತ್ತವೆ. ಸುಮ್ನೆ ಎಲ್ಲರಿಗೂ ಪ್ಯಾನೆಲ್ ಮಾಡಿದರೆ ಕೈಗೆ ಬರುವುದು ಅನಿಶ್ಚಿತಗಳ ರಾಶಿ. ಅದರಿಂದ ಒಬ್ಬ ತಾಯಿಗೆ ಏನಾಯಿತು ಅಂತ ಮೇಲೆ ಬರೆದಿದ್ದೇನೆ. ತೂತಿನ ಜೊತೆ ಪಿಆರ್ ಉದ್ದವಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿದ್ದರೆ, ಲೆಕ್ಕ ಬೇರೆ.

ಹುಡುಗಿಯ ಚಿಕ್ಕಪ್ಪ ಪರೀಕ್ಷೆ ಬೇಡ ಅಂದರು. ಅವರಿಗೆ 34, ಒಬ್ಬಳು ಮಗಳಿದ್ದಾಳೆ. ಒಮ್ಮೆ ಭೇಟಿಯಾಗಿ, ಒಂದು ಪತ್ರ ಕೊಟ್ಟು, ಜೀನ್ ಪರೀಕ್ಷೆ ಬೇಡವಾದರೆ ಇಸಿಜಿ ಮಾತ್ರವಾದರೂ ಮಾಡಿಸಿ ಅಂತ ಹೇಳಿದೆ. ಮಾಡಿಸಿದ್ದಾರಾ ಇಲ್ಲವಾ ಗೊತ್ತಿಲ್ಲ. ಪತ್ರದ ಪ್ರತಿ ಕಡತದಲ್ಲಿದೆ.

ಹುಡುಗಿಗೆ ಈಗ ಹತ್ತು. ಹೋದ ಭೇಟಿಯಲ್ಲಿ ಪಿಆರ್ 250. ಬಡಿತ ಒಂದೂ ತಪ್ಪಿಲ್ಲ, ಓಟ ಆಟ ಎಲ್ಲ ಮಾಡುತ್ತಾಳೆ. ಡಿವೈಸ್ ನೋಡುವ ಕ್ಲಿನಿಕ್ಕಿನವರು ತಮ್ಮ ಕಡೆಯಿಂದ ಸದ್ಯಕ್ಕೆ ಬರುವುದು ಬೇಡ ಅಂದಿದ್ದಾರೆ. ಇಸಿಜಿ ತಂತಿ ಬಿಚ್ಚುವಾಗ ಅವಳು ನನ್ನನ್ನು ಕೇಳಿದಳು: "ನನ್ನ ತೂತು ಮುಚ್ಚಿದೆ ಅಲ್ವಾ ಆಂಟಿ, ಮತ್ತೆ ಯಾಕೆ ಬರಬೇಕು?" ಇಸಿಜಿ ಪಟ್ಟಿಯನ್ನು ಹರಿದು ಅವಳ ಮುಂದೆ ಹರಡಿದೆ. ಚಿಕ್ಕ ಗುಡ್ಡದಿಂದ ದೊಡ್ಡ ಮೊನೆಯವರೆಗೆ ಪುಟ್ಟ ಚೌಕಗಳನ್ನು ಎಣಿಸುವುದು ಹೇಗೆ ಅಂತ ತೋರಿಸಿದೆ. ಒಂದು ಚೌಕಕ್ಕೆ 40. ಅವಳು ಬೆರಳಿಟ್ಟು ಎಣಿಸಿ, "ಆರು, ಇನ್ನೊಂದು ಚೂರು" ಅಂದಳು. ಮುಂದಿನ ವರ್ಷ ಎಷ್ಟಿರುತ್ತದೆ ಅಂತ ಎಣಿಸುವುದು ತನ್ನ ಕೆಲಸ ಅಂತ ಹೇಳಿ, ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡು ಹೋದಳು. ಕಡತಕ್ಕೆ ಇನ್ನೊಂದು ಪ್ರಿಂಟ್ ತೆಗೆದುಕೊಂಡೆ.